ಹಾಡುತ್ತ ಹಾಡುತ್ತ ರಾಗ: ಗಾದೆ ಹೇಳದೆ ಬಿಟ್ಟ ಅರ್ಧ



'ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ' ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಸುಮ್ಮನೆ ಹಾಡುತ್ತಿದ್ದರೆ ಸಾಕು, ರಾಗ ತಾನಾಗಿ ಕೈವಶವಾಗುತ್ತದೆ ಎಂಬುದು ಅದರ ಇಂಗಿತ. ಇದರ ಜೊತೆಯಲ್ಲಿಯೇ ನಾವು ಇನ್ನೊಂದು ಮಾತನ್ನೂ ಆಡುತ್ತೇವೆ: 'ಕಂಠವೆಂಬುದು ಹುಟ್ಟಿನಿಂದ ಬರಬೇಕು, ಕಲಿತರೆ ಬರುವುದಿಲ್ಲ.' ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂಬುದನ್ನು ನಾವು ಗಮನಿಸುವುದೇ ಇಲ್ಲ. ಒಂದು ಎಲ್ಲರಿಗೂ ಬಾಗಿಲು ತೆರೆಯುತ್ತದೆ, ಇನ್ನೊಂದು ಬಹುಮಂದಿಯನ್ನು ಹೊರಗೆ ನಿಲ್ಲಿಸುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮತ್ತು ಅವುಗಳ ನೆರೆಹೊರೆಯ ಗಾಯನದ ಇತಿಹಾಸವನ್ನು ನೋಡಿದರೆ ಈ ಎರಡೂ ಅರ್ಧಸತ್ಯಗಳೆಂದು ತೋರುತ್ತದೆ. ಚೆನ್ನಾಗಿ ಹಾಡಿದವರು ನಡೆದು ಬಂದ ದಾರಿ ನಾವು ಊಹಿಸುವುದಕ್ಕಿಂತ ತಿರುವುಮುರುವಾದದ್ದು. ಅವರು ಹಾಡುವ ಮೊದಲು ಬಹುಕಾಲ ಕೇಳಿದರು. ಮೇಲಕ್ಕೇರಲು ಮೊದಲು ಕೆಳಗಿಳಿದರು. ಬಹಳವನ್ನು ತಿಳಿಯಲು ಸ್ವಲ್ಪವನ್ನೇ ಗಟ್ಟಿಯಾಗಿ ಹಿಡಿದರು. ದೂರಕ್ಕೆ ಕೇಳಿಸಲು ಕೂಗುವುದನ್ನು ಬಿಟ್ಟರು.

ಈ ವಿಷಯವನ್ನು ಬರೆಯಲು ಒಂದು ಕಾರಣವುಂಟು. ನಮ್ಮ ಅನೇಕ ಶಾಲೆಗಳಲ್ಲಿ ಪ್ರಾರ್ಥನೆಗೆಂದು ನಾಲ್ಕು 'ಒಳ್ಳೆಯ ಕಂಠ'ಗಳನ್ನು ಆರಿಸಿ ಮುಂದೆ ನಿಲ್ಲಿಸುವ, ಉಳಿದವರಿಗೆ 'ನೀವು ಬಾಯಿ ಆಡಿಸಿದರೆ ಸಾಕು' ಎನ್ನುವ ಪದ್ಧತಿ ಮೊದಲಿನಿಂದಲೂ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊಮ್ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಪಕ್ಕದಲ್ಲಿ ಮೊಬೈಲಿನ ಜೋಗುಳ ಹಚ್ಚಿಟ್ಟಿದ್ದಳು. 'ನೀನೇ ಹಾಡಬಾರದೇನಮ್ಮ?' ಎಂದು ಕೇಳಿದೆ. 'ನನಗೆ ಹಾಡಾಕ ಬರಂಗಿಲ್ಲರೀ ಸರ್, ಮೂರನೇ ಇಯತ್ತೆಯಾಗ ಇದ್ದಾಗ್ಲೇ ಹೇಳಿಬಿಟ್ಟಿದ್ರು' ಎಂದಳು. ಎಂಟು ವರ್ಷದ ಮಗುವಿಗೆ ಯಾರೋ ಆಡಿದ ಒಂದು ಮಾತು ಐವತ್ತು ವರ್ಷ ಒಂದು ಮನೆಯ ಹಾಡನ್ನು ಕಟ್ಟಿಹಾಕಿತ್ತು. ಆಕೆಯ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತರೆ ಹೊತ್ತು ಮೂಡುವವರೆಗೆ ಪದ ಹೇಳುತ್ತಿದ್ದವಳು.

ಮೊದಲು ನಮ್ಮ ನೆಲದ ಸಂಗತಿ. 1953ರ ಅಕ್ಟೋಬರ್ 1ರವರೆಗೆ ನಮ್ಮ ತಾಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆ ದಿನ ಮೈಸೂರು ರಾಜ್ಯಕ್ಕೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಹಡಗಲಿಯ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ಆಚೆ ದಡದಲ್ಲಿ ಬಹುಪಾಲು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಿತ್ತು. ಹೀಗಾಗಿ ಮೂಡಲಿನಿಂದ ತೆಲುಗು ನಾಟಕದ ಪದ್ಯಗಳೂ ಕರ್ನಾಟಕ ಸಂಗೀತವೂ ಬಂದರೆ, ಪಡುವಲಿನಿಂದ ಹೊಳೆ ದಾಟಿ ಹಿಂದುಸ್ತಾನಿ ಬಂತು. ಇವೆರಡರ ನಡುವೆ ದೊಡ್ಡಾಟ, ಭಜನೆ, ತತ್ತ್ವಪದ, ಚೌಡಿಕೆಯ ಪದ, ಗೊರವರ ಪದ, ಸೋಬಾನೆ ಇವೆಲ್ಲ ಮೊದಲಿನಿಂದ ಇದ್ದೇ ಇದ್ದವು. ಹಾಡುವುದನ್ನು ಜನ ಹೇಗೆ ಕಲಿಯುತ್ತಾರೆಂದು ನೋಡಲು ಇದಕ್ಕಿಂತ ಒಳ್ಳೆಯ ಸೀಮೆ ಬೇಕಿಲ್ಲ.

ಸೋಬಾನೆಯ ಪದವನ್ನೇ ನೋಡಿ. ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ಹಿಡಿದು ಮರಳಿ ಹಾಡುತ್ತಾರೆ. ಅಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ, ತಪ್ಪಿದವರನ್ನು ನಿಲ್ಲಿಸಿ ತಿದ್ದುವವರಿಲ್ಲ. ತಾಯಿಯ ಸೆರಗು ಹಿಡಿದ ಹುಡುಗಿ ಮೊದಮೊದಲು ಕೇಳುತ್ತಾಳೆ, ಆಮೇಲೆ ಸೊಲ್ಲಿನ ಕೊನೆಯ ಪದವನ್ನಷ್ಟೆ ಸೇರಿಸುತ್ತಾಳೆ, ಕೆಲವು ಮದುವೆಗಳಾಗುವಷ್ಟರಲ್ಲಿ ಪೂರ್ತಿ ಸೊಲ್ಲು ಆಕೆಯದಾಗಿರುತ್ತದೆ. ಹರಪನಹಳ್ಳಿಯ ಭೀಮವ್ವನವರು (1822–1903) 'ಭೀಮೇಶಕೃಷ್ಣ' ಅಂಕಿತದಲ್ಲಿ ರಚಿಸಿದ ಹಾಡುಗಳು ಮನೆಮನೆಯ ಹೆಂಗಸರ ಬಾಯಲ್ಲಿ ಉಳಿದು ಬಂದದ್ದೂ ಹೀಗೆಯೇ. ಹಿರಿಯರ ದನಿಯಲ್ಲಿ ತನ್ನ ದನಿಯನ್ನು ಅಡಗಿಸಿಕೊಳ್ಳಲು ಅವಕಾಶವಿದ್ದದ್ದರಿಂದಲೇ ಮಗುವಿನ ದನಿ ನೆಟ್ಟಗಾಯಿತು. ಹೊಸ ಕಲಿಕೆಯವರನ್ನು ಒಂಟಿಯಾಗಿ ನಿಲ್ಲಿಸಿ 'ಹಾಡು ನೋಡೋಣ' ಎನ್ನುವುದು ಶಾಲೆಯ ಕ್ರಮ. ಗುಂಪಿನಲ್ಲಿ ಮರೆಮಾಡಿ ಬೆಳೆಸುವುದು ಅಂಗಳದ ಕ್ರಮ. ಎರಡನೆಯದು ನಿಧಾನವೆಂದು ತೋರಿದರೂ ಅದರಲ್ಲಿ ಕಲಿಯದೆ ಉಳಿದವರು ವಿರಳ.

ಕೇಳುವುದರ ಬೆಲೆಯನ್ನು ಹಡಗಲಿ ತಾಲೂಕಿನ ಮೈಲಾರದ ಕಾರಣಿಕದಲ್ಲಿ ಕಣ್ಣಾರೆ ಕಾಣಬಹುದು. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದಾಕ್ಷಣ ಡೆಂಗುಮರಡಿಯಲ್ಲಿ ನೆರೆದ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆತ ನುಡಿಯುವುದು ಒಂದೇ ಸೊಲ್ಲು. ಆ ಸೊಲ್ಲಿಗೆ ಬಲ ಬರುವುದು ಅದರ ಹಿಂದಿನ ಮೌನದಿಂದ. ಸಂಗೀತದಲ್ಲಿಯೂ ಹಾಗೆಯೇ. ಸ್ವರವನ್ನು ಕಿವಿ ಮೊದಲು ಹಿಡಿಯಬೇಕು. ಕಿವಿ ಹಿಡಿಯದ ಸ್ವರವನ್ನು ಗಂಟಲು ಎಷ್ಟು ಸಾರಿ ಹೇಳಿದರೂ ತಪ್ಪೇ ಗಟ್ಟಿಯಾಗುತ್ತದೆ. ಗಾದೆ ಹೇಳದೆ ಬಿಟ್ಟ ಅರ್ಧ ಇದು: ಕೇಳುತ್ತ ಕೇಳುತ್ತ ಹಾಡಿದರೆ ರಾಗ, ಕೇಳದೆ ಹಾಡಿದರೆ ಬರಿಯ ರೂಢಿ.

ಇನ್ನು ಹೊಳೆಯಾಚೆಯ ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೀವೆಲ್ಲ ಬಲ್ಲಿರಿ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ, ಕಣ್ಣು ಕಾಣದ ಪಂಚಾಕ್ಷರ ಗವಾಯಿಗಳು (1892–1944) ಮೊದಲು ಊರೂರು ತಿರುಗುತ್ತ ಸಂಗೀತ ಪಾಠಶಾಲೆ ನಡೆಸಿದರು. 1942ರಲ್ಲಿ ಅದು ಗದಗಿನಲ್ಲಿ ನೆಲೆಯೂರಿತು. ಅವರ ಅನಂತರ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಮುನ್ನಡೆಸಿದರು. ಅಲ್ಲಿಗೆ ಸೇರುತ್ತಿದ್ದವರು ಕಂಠದ ಪರೀಕ್ಷೆಯಲ್ಲಿ ಗೆದ್ದು ಬಂದವರಲ್ಲ. ಕುರುಡರು, ಬಡವರು, ತಬ್ಬಲಿಗಳು, ಮನೆಯವರಿಗೆ ಬೇರೆ ದಾರಿ ಕಾಣದೆ ತಂದು ಬಿಟ್ಟ ಮಕ್ಕಳು. ಪ್ರತಿಭೆಯನ್ನು ಆರಿಸಿಕೊಂಡ ಸಂಸ್ಥೆಗಳು ಕೊಡಲಾರದಷ್ಟು ಗಾಯಕರನ್ನೂ ವಾದಕರನ್ನೂ, ಯಾರನ್ನೂ ಹಿಂದಕ್ಕೆ ಕಳಿಸದ ಈ ಆಶ್ರಮ ನಾಡಿಗೆ ಕೊಟ್ಟಿತು. ಹುಟ್ಟಿನಿಂದಲೇ ಕಂಠ ಬರಬೇಕೆನ್ನುವವರು ಈ ಒಂದು ಸಂಗತಿಯನ್ನು ಯೋಚಿಸಬೇಕು.

ಈ ಆಶ್ರಮಕ್ಕೆ ನಮ್ಮ ಜಿಲ್ಲೆಯಿಂದ ಹೋದವರಲ್ಲಿ ಎಲ್ಲರಿಗಿಂತ ಹೆಸರಾದವರು ಪಂಡಿತ ಎಂ. ವೆಂಕಟೇಶಕುಮಾರ್. ಅವರು 1953ರಲ್ಲಿ ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಲ್ಲಿ ಹುಟ್ಟಿದರು. ತಂದೆ ಹುಲೆಪ್ಪನವರು ಜನಪದ ಗಾಯಕರು, ಗೊಂಬೆಯಾಟದವರು. ಸೋದರಮಾವ, ತೊಗಲುಗೊಂಬೆಯಾಟದ ಬೆಳಗಲ್ಲು ವೀರಣ್ಣನವರು, 1968ರಲ್ಲಿ ಹುಡುಗನನ್ನು ಗದಗಿಗೆ ಕರೆದೊಯ್ದು ಪುಟ್ಟರಾಜರ ಪಾದದ ಬಳಿ ಬಿಟ್ಟರು. ಅಲ್ಲಿ ಹನ್ನೆರಡರಷ್ಟು ವರ್ಷ ಕಳೆದರು. 2016ರಲ್ಲಿ ಪದ್ಮಶ್ರೀ ಬಂತು. ಗೊಂಬೆಯಾಟದವರ ಮನೆಯಲ್ಲಿ ಹುಡುಗನ ಕಿವಿಗೆ ಬಿದ್ದ ಪದಗಳು ಶಾಸ್ತ್ರೀಯ ಸಂಗೀತಕ್ಕೆ ಅಡ್ಡಿಯಾಗಲಿಲ್ಲ, ಗೊಬ್ಬರವಾದವು. ಇಂದಿಗೂ ಅವರ ದಾಸರ ಪದ, ವಚನಗಳನ್ನು ಕೇಳುವಾಗ ಮಾತಿನ ಸ್ಪಷ್ಟತೆಯಲ್ಲಿ ಬಯಲಿನ ವಾಸನೆ ಇದೆಯೆಂದು ನನಗೆ ಅನಿಸುತ್ತದೆ.

ಅದೇ ಪರಂಪರೆಯ ಇನ್ನೊಂದು ಘಟನೆ ನಮ್ಮ ಮಗ್ಗುಲಲ್ಲೇ ನಡೆದದ್ದು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಪಂಚಾಕ್ಷರ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು, ಇನ್ನೂ ತರುಣ, ಅಲ್ಲಿ ಮೊದಲ ಬಾರಿಗೆ ಬಹಿರಂಗ ಕಚೇರಿ ಮಾಡಿದರು. ತಬಲಾ ನುಡಿಸಲು ಕುಳಿತವರು ಸ್ವತಃ ಗುರುಗಳು. ಶಿಷ್ಯನು ಮುಂದೆ, ಗುರುವು ಪಕ್ಕದಲ್ಲಿ! ಗುರುವೆಂದರೆ ಎತ್ತರದ ಪೀಠದಲ್ಲಿ ಕುಳಿತು ತಪ್ಪು ಹಿಡಿಯುವವನೆಂದು ನಾವು ಭಾವಿಸುತ್ತೇವೆ. ಹಾಡುವ ಮಗುವಿಗೆ ಬೇಕಾದದ್ದು ತಾಳ ಹಿಡಿದು ಜೊತೆಗೆ ನಿಲ್ಲುವ ಗುರು ಎಂಬುದನ್ನು ಗವಾಯಿಗಳು ಮಾತಿಲ್ಲದೆ ತೋರಿಸಿಕೊಟ್ಟರು.

ಹೊಸದಾಗಿ ಸಂಗೀತ ಕಲಿಯುವವರಿಗೆ ಮೊದಲ ಬೇಸರ ತರುವುದು ಮಂದ್ರ ಸಾಧನೆ. ತಾರಸ್ಥಾಯಿಯಲ್ಲಿ ಹಾಡಿ ಮೆಚ್ಚಿಸಬೇಕೆಂದು ಬಂದ ಹುಡುಗನಿಗೆ ಗುರುಗಳು ಬೆಳಗಿನ ಜಾವ ಎಬ್ಬಿಸಿ, ಕೆಳಗಿನ ಷಡ್ಜದಲ್ಲಿ ತಿಂಗಳುಗಟ್ಟಲೆ ಕೂರಿಸುತ್ತಾರೆ. ಮೇಲೆ ಹೋಗಬೇಕಾದವನನ್ನು ಕೆಳಗೆ ಇಳಿಸುವುದೇಕೆ? ಕೆಳಗಿನ ಸ್ವರವನ್ನು ಬಲವಂತದಿಂದ ಹೊರಡಿಸಲಾಗದು. ಗಂಟಲನ್ನು ಸಡಿಲ ಬಿಟ್ಟು, ಉಸಿರನ್ನು ಸಣ್ಣಗೆ ಸಮನಾಗಿ ಬಿಟ್ಟರಷ್ಟೆ ಅದು ನಿಲ್ಲುತ್ತದೆ. ಆ ಸಡಿಲಿಕೆ ರೂಢಿಯಾದ ಮೇಲೆ ಮೇಲಿನ ಸ್ವರಕ್ಕೆ ಹೋದರೆ ಕತ್ತಿನ ನರ ಉಬ್ಬುವುದಿಲ್ಲ. ಬಾವಿ ತೋಡುವವನು ನೀರು ಮೇಲೆ ಬರಲೆಂದೇ ಕೆಳಗೆ ಅಗೆಯುತ್ತಾನೆ. ನಮ್ಮ ಬರಗಾಲದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಬೇಸರ, ಕಲಿಸುವುದರಲ್ಲಿನ ಜಿಪುಣತನ. ಕುಂದಗೋಳದ ಸವಾಯಿ ಗಂಧರ್ವರು (1886–1952) ಶಿಷ್ಯರಿಗೆ ರಾಗಗಳ ರಾಶಿಯನ್ನು ಕೊಡಲಿಲ್ಲ. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಉತ್ತರ ಹಿಂದುಸ್ತಾನವೆಲ್ಲ ಅಲೆದು, ಕೊನೆಗೆ ತನ್ನ ಊರಿನ ಹತ್ತಿರದ ಕುಂದಗೋಳಕ್ಕೇ ಬಂದರು. ಅಲ್ಲಿ ನೀರು ಹೊತ್ತರು. ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನೇ ದೀರ್ಘಕಾಲ ತಿರುವಿ ತಿರುವಿ ಹಾಡಿದರು. ಅದೇ ಗುರುವಿನ ಶಿಷ್ಯೆ ಗಂಗೂಬಾಯಿ ಹಾನಗಲ್ (1913–2009), ಜಿಪುಣನು ದುಡ್ಡನ್ನು ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಬೇಕೆಂದು ತಮ್ಮ ಗುರುಗಳು ಕಲಿಸಿದ್ದನ್ನು ನೆನೆಯುತ್ತಿದ್ದರು. ಒಂದು ರಾಗವನ್ನು ಮೂಳೆಗಿಳಿಯುವಂತೆ ಕಲಿತವನಿಗೆ ಇನ್ನೊಂದು ರಾಗ ಅರ್ಧ ಕಲಿತಂತೆಯೇ ಸರಿ, ಏಕೆಂದರೆ ಆತ ಕಲಿತದ್ದು ರಾಗವನ್ನಷ್ಟೆ ಅಲ್ಲ, ರಾಗವನ್ನು ಬಿಡಿಸುವ ಬಗೆಯನ್ನು. ಗಣಿತದಲ್ಲಿ ಒಂದು ಲೆಕ್ಕವನ್ನು ನಾಲ್ಕು ವಿಧದಲ್ಲಿ ಬಿಡಿಸಿರೆಂದು ನಾನು ಹೇಳುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೆನಪಿಟ್ಟಿರಬಹುದು. ಅಂದು ಗೊಣಗಿದವರೂ ಇದ್ದೀರಿ.

ಗಂಗೂಬಾಯಿಯವರ ಜೀವನದಲ್ಲಿ ಇನ್ನೂ ಎರಡು ಸೋಜಿಗಗಳಿವೆ. ಅವರ ತಾಯಿ ಅಂಬಾಬಾಯಿಯವರು ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ ಆಕೆಯ ಕಿವಿಗೆ ಗೊಂದಲವಾಗದಿರಲೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಕಲಿಸುವುದಕ್ಕಾಗಿ ಹಾಡುವ ತಾಯಂದಿರುಂಟು. ಕಲಿಯಲೆಂದು ಮೌನವಾದ ತಾಯಿಯ ಋಣ ಬೇರೆಯೇ ಬಗೆಯದು. ಎರಡನೆಯದು, ಎಳವೆಯಲ್ಲಿ ತೆಳುವಾಗಿ ಇಂಪಾಗಿದ್ದ ಗಂಗೂಬಾಯಿಯವರ ಕಂಠ ಗಂಟಲಿನ ಚಿಕಿತ್ಸೆಯ ನಂತರ ಗಂಡಸಿನ ದನಿಯಂತೆ ದಪ್ಪಗಾಯಿತು. 'ಕಂಠ ಹೋಯಿತು' ಎಂದು ಯಾರಾದರೂ ಹೇಳಬಹುದಾಗಿದ್ದ ಗಳಿಗೆ ಅದು. ಆ ದಪ್ಪ ದನಿಯೇ ಅರ್ಧ ಶತಮಾನಕ್ಕೂ ಮೀರಿ ಅವರ ಗುರುತಾಯಿತು. ಹದಿಮೂರು ಹದಿನಾಲ್ಕರಲ್ಲಿ ದನಿ ಒಡೆದಾಗ ಹಾಡು ಮುಗಿಯಿತೆಂದು ಕೈಬಿಡುವ ನಮ್ಮ ಹುಡುಗರಿಗೆ ಈ ಕಥೆಯನ್ನು ಹೇಳಬೇಕು. ದನಿ ಒಡೆಯುವುದೆಂದರೆ ಧ್ವನಿತಂತುಗಳು ಬೆಳೆದು ಉದ್ದವಾಗುವುದು. ಹಳೆಯ ಮನೆ ಬಿದ್ದಿಲ್ಲ, ದೊಡ್ಡದಾಗುತ್ತಿದೆ. ಕೆಲವು ತಿಂಗಳು ಮೆಲ್ಲಗೆ ಹಾಡುತ್ತ ಹೊಸ ಮನೆಗೆ ಹೊಂದಿಕೊಳ್ಳಬೇಕಷ್ಟೆ.

ಮಲ್ಲಿಕಾರ್ಜುನ ಮನಸೂರರು (1910–1992) ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು, ನೀಲಕಂಠಬುವಾ ಅವರಲ್ಲಿ ವರ್ಷಗಟ್ಟಲೆ ಕಲಿತವರು, ಗ್ರಾಮಾಫೋನ್ ತಟ್ಟೆಗಳಿಂದ ಹೆಸರಾದವರು. ಇಷ್ಟೆಲ್ಲ ಆದ ಮೇಲೆ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಂಡಾಗ ಅವರ ತಮ್ಮ ಭೂರ್ಜೀಖಾನರ ಬಳಿ ಕಲಿಕೆ ಮುಂದುವರಿಸಿದರು. ಬಂದದ್ದನ್ನು ಬದಿಗಿಡುವುದು ಬಾರದ್ದನ್ನು ಕಲಿಯುವುದಕ್ಕಿಂತ ಕಠಿಣ. ಚಪ್ಪಾಳೆ ಗಿಟ್ಟಿಸಿದವನಿಗಂತೂ ಇನ್ನೂ ಕಠಿಣ.

ಇನ್ನು ದನಿಯ ದೂರದ ವಿಚಾರ. ಮೈಕು ಬರುವ ಮೊದಲು ನಮ್ಮ ಊರುಗಳಲ್ಲಿ ದೊಡ್ಡಾಟಗಳು ಬೆಳಗಿನವರೆಗೆ ನಡೆಯುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಆಟದ ಮಾಸ್ತರರು ಒಕ್ಕಲುಮಕ್ಕಳಿಗೆ ರಾತ್ರಿಯ ಹೊತ್ತು ತಾಲೀಮು ಮಾಡಿಸುತ್ತಿದ್ದರು. ಕಂಪನಿ ನಾಟಕಗಳ ನಟನಟಿಯರು ಹಾರ್ಮೋನಿಯಂ, ತಬಲಾಗಳ ಸದ್ದನ್ನು ದಾಟಿ ಹಿಂದಿನ ಸಾಲಿಗೆ ಕೇಳಿಸುವಂತೆ ಹಾಡುತ್ತಿದ್ದರು. ಕೂಗಿ ಕೂಗಿ ಹಾಡಿದವರ ದನಿ ನಡುರಾತ್ರಿಗೇ ಕಟ್ಟಿಬಿಡುತ್ತಿತ್ತು. ಬೆಳಗಿನವರೆಗೆ ನಿಂತವರು ಉಸಿರು ಹೆಚ್ಚು ಖರ್ಚು ಮಾಡದವರು. ಈ ಗುಟ್ಟಿಗೆ ಸ್ವೀಡನ್ನಿನ ಯೋಹಾನ್ ಸುಂಡ್‌ಬೆರಿ ಎಂಬ ವಿಜ್ಞಾನಿ 1970ರ ದಶಕದಲ್ಲಿ ವಿವರಣೆ ಕೊಟ್ಟರು. ಪಾಶ್ಚಾತ್ಯ ವಾದ್ಯವೃಂದದ ಸದ್ದಿನ ಬಲ ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ ಹೆಚ್ಚಿರುತ್ತದೆ. ಪಳಗಿದ ಗಾಯಕರ ದನಿಯಲ್ಲಿ 3,000 ಕಂಪನಗಳ ಸುಮಾರಿಗೆ ಇನ್ನೊಂದು ಹೊಳಪು ಏಳುತ್ತದೆ. ಅಲ್ಲಿ ವಾದ್ಯಗಳ ಸದ್ದು ಕಡಿಮೆ, ನಮ್ಮ ಕಿವಿಯ ಸೂಕ್ಷ್ಮತೆ ಹೆಚ್ಚು. ಆದ್ದರಿಂದ ಒಬ್ಬ ಮನುಷ್ಯನ ಗಂಟಲು ನೂರು ವಾದ್ಯಗಳ ನಡುವೆಯೂ ಕೇಳಿಸುತ್ತದೆ. ಈ ಹೊಳಪು ಬರುವುದು ಗಂಟಲಿನ ಮೇಲ್ಭಾಗದ ಆಕಾರದಿಂದ. ಉಸಿರಿನ ರಭಸದಿಂದ ಅಲ್ಲ. ಕೊಟ್ಟೂರೇಶ್ವರನ ತೇರಿನ ಗದ್ದಲದಲ್ಲಿ ಮಂಡಕ್ಕಿ ಮಾರುವವನ ದನಿ ನಿಮಗೆ ಬೀದಿಯ ಆ ತುದಿಯಿಂದ ಕೇಳಿಸುವುದಿಲ್ಲವೇ? ಆತ ಎಲ್ಲರಿಗಿಂತ ಗಟ್ಟಿಯಾಗಿ ಕೂಗುವುದಿಲ್ಲ, ಹರಿತವಾಗಿ ಕೂಗುತ್ತಾನೆ.

ಇದರೊಂದಿಗೆ ಇನ್ನೊಂದು ತೊಡಕನ್ನು ಹೇಳಬೇಕು. ನಮ್ಮ ದನಿ ನಮಗೆ ಕೇಳಿಸುವ ಹಾಗೆ ಲೋಕಕ್ಕೆ ಕೇಳಿಸುವುದಿಲ್ಲ. ಗಾಳಿಯ ಮೂಲಕ ಬರುವುದರ ಜೊತೆಗೆ ತಲೆಯ ಮೂಳೆಗಳ ಮೂಲಕವೂ ನಮ್ಮ ದನಿ ನಮ್ಮ ಒಳಗಿವಿಗೆ ತಲಪುತ್ತದೆ. ಅದರಿಂದ ನಮಗೆ ಅದು ಇದ್ದುದಕ್ಕಿಂತ ತುಂಬಿದ ದನಿಯೆನಿಸುತ್ತದೆ. ಮುದ್ರಿಸಿಕೊಂಡು ಕೇಳಿದಾಗ 'ಇದು ನನ್ನದೇ?' ಎಂದು ಮುಖ ಕಿವುಚುವುದು ಅದಕ್ಕೇ. ಹಾಗೆ ಮುಖ ಕಿವುಚಿದವರು ತಮಗೆ ಕಂಠವಿಲ್ಲವೆಂದು ತೀರ್ಮಾನಿಸಬಾರದು. ಅದು ಎಲ್ಲರಿಗೂ ಆಗುವ ಅನುಭವ. ಹಾಡುವವನು ತನ್ನ ದನಿಗೆ ತಾನೇ ನ್ಯಾಯಾಧೀಶನಾಗಲಾರ. ಹೊರಗಿನ ಒಂದು ನಂಬಿಗಸ್ತ ಕಿವಿ ಬೇಕು. ಗುರುವಿನ ಅಗತ್ಯ ಹುಟ್ಟುವುದು ಇಲ್ಲಿಯೇ.

ನೆನಪಿನ ಬಗೆಗೂ ನಮ್ಮ ಊಹೆ ತಪ್ಪು. ಸಂಡೂರು ತಾಲೂಕಿನ ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ. ಅಲೆಮಾರಿ ಬುಡ್ಗಜಂಗಮರ ಮನೆಯಲ್ಲಿ ಹುಟ್ಟಿ, ಬುರ್ರಕಥೆಯ ಹನ್ನೆರಡು ದೊಡ್ಡ ಕಥನಗಳನ್ನು ರಾತ್ರಿಗಟ್ಟಲೆ ಹಾಡಬಲ್ಲವರಾಗಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವವಿತ್ತಿತು, 2014ರಲ್ಲಿ ತೀರಿಕೊಂಡರು. ಇಷ್ಟನ್ನು ಹೇಗೆ ಬಾಯಿಪಾಠ ಮಾಡಿದರೆಂದು ಓದುಬಲ್ಲ ನಾವು ಬೆರಗಾಗುತ್ತೇವೆ. 1930ರ ದಶಕದಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ನಿರಕ್ಷರ ಕಥನಗಾಯಕರ ಹಾಡುಗಳನ್ನು ಮುದ್ರಿಸಿಕೊಂಡು ನೋಡಿದಾಗ ತಿಳಿದದ್ದೇನೆಂದರೆ, ಆ ಗಾಯಕರು ಅಕ್ಷರಕ್ಷರ ಕಂಠಪಾಠ ಮಾಡಿರಲೇ ಇಲ್ಲ. ಸಿದ್ಧ ನುಡಿಗಟ್ಟುಗಳನ್ನೂ ಸನ್ನಿವೇಶಗಳನ್ನೂ ರಕ್ತಗತ ಮಾಡಿಕೊಂಡು, ಪ್ರತಿ ಸಾರಿಯೂ ಹಾಡುತ್ತಲೇ ಕಟ್ಟುತ್ತಿದ್ದರು. ಅಕ್ಷರವಿಲ್ಲದಿರುವುದು ಅಲ್ಲಿ ಕೊರತೆಯಾಗಿರಲಿಲ್ಲ, ಅನುಕೂಲವಾಗಿತ್ತು. ಪುಸ್ತಕ ನೋಡಿಕೊಂಡು ಹಾಡುವ ನಮ್ಮ ಮಕ್ಕಳು ಒಂದು ಪದ ಮರೆತರೆ ನಿಂತುಬಿಡುತ್ತಾರೆ, ಬುರ್ರಕಥೆಯವರು ನಿಲ್ಲುವುದಿಲ್ಲ.

ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದ ಮಂಜಮ್ಮ ಜೋಗತಿಯವರ ಕಥೆಯೂ ಇಲ್ಲಿ ಸಲ್ಲುತ್ತದೆ. ಮನೆಯವರಿಂದ ದೂರವಾಗಿ, ಭಿಕ್ಷೆಯ ದಿನಗಳನ್ನೂ ಕಂಡು, ಕಾಳವ್ವ ಜೋಗತಿಯವರ ಬಳಿ ಎಲ್ಲಮ್ಮನ ಪದಗಳನ್ನೂ ಜೋಗತಿ ನೃತ್ಯವನ್ನೂ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬದುಕು ನೆಲೆಯಾದ ಮೇಲೆ ಹಾಡು ಎಂದು ನಾವು ಮುಂದೂಡುತ್ತೇವೆ. ಅವರಿಗೆ ಹಾಡೇ ನೆಲೆಯಾಯಿತು.

ಕೊನೆಗೆ ಒಂದು ವಿಚಾರ. ಸ್ವರಭೇದವನ್ನೇ ಅರಿಯಲಾಗದ ಕಿವಿ ಹುಟ್ಟಿನಿಂದ ಕೆಲವರಿಗೆ ಇರುವುದು ನಿಜ. ಆದರೆ ಸಂಶೋಧಕರ ಲೆಕ್ಕದಲ್ಲಿ ಅಂಥವರು ನೂರಕ್ಕೆ ನಾಲ್ವರನ್ನು ಮೀರುವುದಿಲ್ಲ, ಇತ್ತೀಚಿನ ಎಣಿಕೆಯಲ್ಲಿ ಇನ್ನೂ ಕಡಿಮೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬರು ಸಿಕ್ಕರೆ ಸಿಕ್ಕಾರು. ಉಳಿದ ಮೂವತ್ತೊಂಬತ್ತು ಮಕ್ಕಳನ್ನು ಬಾಯಿ ಆಡಿಸಿ ನಿಲ್ಲಿರೆನ್ನಲು ನಮಗೆ ಯಾವ ಅಧಿಕಾರವೂ ಇಲ್ಲ. ಆ ಒಬ್ಬರನ್ನು ಹಾಗೆನ್ನಲೂ ಇಲ್ಲ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರನ್ನೂ ಹಾಡಿಸಿರಿ. ಶ್ರುತಿಯನ್ನು ಮಕ್ಕಳಿಗೆ ಹೊಂದುವಂತೆ ಇಡಿರಿ, ಮೆಲ್ಲಗೆ ಹಾಡಲು ಹೇಳಿರಿ, ಒಂದೇ ಹಾಡನ್ನು ತಿಂಗಳುಗಟ್ಟಲೆ ಹಾಡಿಸಿರಿ, ತಪ್ಪಿದ ಮಗುವನ್ನು ಗಟ್ಟಿ ದನಿಯ ಮಗುವಿನ ಪಕ್ಕದಲ್ಲಿ ನಿಲ್ಲಿಸಿರಿ. ಅಜ್ಜಿ, ತಾತಂದಿರಾಗಿರುವವರು ಮೊಬೈಲನ್ನು ಬದಿಗಿಟ್ಟು ತೊಟ್ಟಿಲ ಬಳಿ ನಿಮ್ಮ ದನಿಯಲ್ಲಿಯೇ ಹಾಡಿರಿ. ತೊಟ್ಟಿಲಲ್ಲಿರುವ ಶ್ರೋತೃ ಶ್ರುತಿಯನ್ನು ಅಳೆಯುವುದಿಲ್ಲ. ಆದರೆ ಅದರ ಕಿವಿ ಅಂದಿನಿಂದಲೇ ಕಲಿಯತೊಡಗುತ್ತದೆ.